ಮಠದ ಜೀಪು ಮತ್ತು ಮೂಲಪಾಠದ ಪ್ರಶ್ನೆ

ಹಳೆಯ ಓಲೆಗರಿಯ ಕಟ್ಟೊಂದು ಸಂಪಾದಕನ ಕೈಗೆ ಬಂದಾಗ ಅವನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೆಂದರೆ, ಇದರಲ್ಲಿ ಕವಿ ಬರೆದದ್ದು ಎಷ್ಟು, ಪ್ರತಿಕಾರರು ಸೇರಿಸಿದ್ದು ಎಷ್ಟು ಎಂಬುದು. ನಾಲ್ಕು ದಶಕಗಳಿಂದ ನಾವು ಮಾಡಿಕೊಂಡು ಬಂದಿರುವ ಕೆಲಸವೂ ಇದೇ ಆಗಿದೆ. ಒಂದು ಪ್ರತಿಯಲ್ಲಿ ಹುಳು ತಿಂದುಹೋದದ್ದನ್ನು ಇನ್ನೊಂದು ಪ್ರತಿಯಿಂದ ತುಂಬಿಕೊಳ್ಳುವುದು, ಪ್ರಕ್ಷಿಪ್ತವೆಂದು ತೋರಿದ್ದನ್ನು ಬೇರೆ ಮಾಡುವುದು, ಸಂದೇಹ ಬಂದ ಕಡೆ ಪಾಠಾಂತರವನ್ನು ಅಡಿಯಲ್ಲಿ ಕಾಣಿಸುವುದು, ಇಷ್ಟರಲ್ಲಿಯೇ ನಮ್ಮ ಆಯುಷ್ಯದ ಬಹುಭಾಗ ಕಳೆದಿದೆ. ಇದೇ ಪ್ರಶ್ನೆಯನ್ನು ಕಬ್ಬಿಣದ ಗಾಡಿಯೊಂದರ ಮುಂದೆ ನಿಂತು ಕೇಳಿಕೊಳ್ಳುವ ಪ್ರಸಂಗ ಒದಗೀತೆಂದು ನಾವು ಎಣಿಸಿರಲಿಲ್ಲ. ಶಾಸ್ತ್ರ ಓದಿದವರಿಗೆ ಮೋಟಾರಿನ ಗೊಡವೆ ಏಕೆಂದು ಸಹೃದಯ ವಾಚಕರು ಹುಬ್ಬೇರಿಸಿಯಾರು. ಆದರೆ ನಮ್ಮ ಮಠಗಳ ಹಿತ್ತಿಲಲ್ಲಿ, ಗೌಡರ ವಾಡೆಗಳ ದನದ ಕೊಟ್ಟಿಗೆಯಲ್ಲಿ, ಮಲೆನಾಡಿನ ತೋಟದ ಮನೆಗಳ ಮಾಡಿನ ಕೆಳಗೆ ಇಂಥ ಹಳೆಯ ಜೀಪುಗಳು ಇಂದಿಗೂ ತುಕ್ಕು ಹಿಡಿಯುತ್ತ ನಿಂತಿವೆ. ಅವುಗಳನ್ನು ಗುಜರಿಗೆ ಹಾಕುವುದೋ, ಮೊದಲಿನಂತೆ ಮಾಡುವುದೋ, ಹೊಸ ವೇಷ ತೊಡಿಸುವುದೋ ಎಂಬ ಚರ್ಚೆ ಅನೇಕ ಮನೆಗಳಲ್ಲಿ ನಡೆದಿರುವುದನ್ನು ಬಲ್ಲೆವಾದ್ದರಿಂದ ಈ ನಾಲ್ಕು ಮಾತು.

ಜೀಪು ಯುದ್ಧದ ಕೂಸು. 1940ರಲ್ಲಿ ಅಮೆರಿಕದ ಸೇನೆಯು 135 ಕಾರ್ಖಾನೆಗಳಿಗೆ ಪತ್ರ ಬರೆದು, ಹಗುರವೂ ಗಟ್ಟಿಯೂ ಆದ, ನಾಲ್ಕೂ ಗಾಲಿಗಳಿಗೆ ಎಂಜಿನಿನ ಶಕ್ತಿ ಹರಿಯುವ ಸಣ್ಣ ಗಾಡಿಯ ಮಾದರಿಯನ್ನು 49 ದಿನಗಳಲ್ಲಿ ತಂದೊಪ್ಪಿಸಬೇಕೆಂದು ಕೇಳಿತು. ಗಡುವು ಕೇಳಿಯೇ ದೊಡ್ಡವರು ಹಿಂಜರಿದರು. ಬ್ಯಾಂಟಮ್ ಎಂಬ ಚಿಕ್ಕ ಸಂಸ್ಥೆಗಾಗಿ ಕಾರ್ಲ್ ಪ್ರಾಬ್‌ಸ್ಟ್ ಎಂಬ ಎಂಜಿನಿಯರು ಕೆಲವೇ ದಿನಗಳಲ್ಲಿ ನಕ್ಷೆ ಬರೆದುಕೊಟ್ಟರು. ಆ ವರ್ಷದ ಸೆಪ್ಟೆಂಬರ್ 23ರಂದು ಮೊದಲ ಗಾಡಿ ಸೇನೆಯ ಅಂಗಳ ಸೇರಿತು. ಆದರೆ ಅಷ್ಟು ಚಿಕ್ಕ ಕಾರ್ಖಾನೆಯಿಂದ ಯುದ್ಧಕ್ಕೆ ಬೇಕಾದಷ್ಟು ಗಾಡಿಗಳು ಹೊರಬರಲಾರವೆಂದು ಬಗೆದ ಅಧಿಕಾರಿಗಳು ಆ ಮಾದರಿಯನ್ನು ವಿಲ್ಲೀಸ್ ಮತ್ತು ಫೋರ್ಡ್ ಸಂಸ್ಥೆಗಳಿಗೂ ತೋರಿಸಿದರು. 1941ರಲ್ಲಿ ದೊಡ್ಡ ಗುತ್ತಿಗೆ ವಿಲ್ಲೀಸ್ ಪಾಲಾಯಿತು. ಅದರ ನಕ್ಷೆಯಂತೆಯೇ ಫೋರ್ಡ್ ಕೂಡ ಗಾಡಿ ತಯಾರಿಸತೊಡಗಿ, ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಹೊರತಂದರು. ಮೊದಲ ಮಾದರಿ ಮಾಡಿದ ಬ್ಯಾಂಟಮ್ ಸಂಸ್ಥೆಗೆ ಉಳಿದದ್ದು ಜೀಪಿನ ಹಿಂದೆ ಕಟ್ಟುವ ಪುಟ್ಟ ಟ್ರೇಲರುಗಳನ್ನು ಮಾಡುವ ಕೆಲಸ. ಲೋಕದಲ್ಲಿ ಹೀಗಾಗುವುದು ಹೊಸದೇನಲ್ಲ.

ಆ ಗಾಡಿಯ ರಚನೆಯನ್ನು ಹತ್ತಿರದಿಂದ ಕಂಡವರು ಅದರ ಮಿತವ್ಯಯಕ್ಕೆ ತಲೆದೂಗದಿರಲಾರರು. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಬರಿಯ 80 ಅಂಗುಲ. 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಮುಂದಕ್ಕೆ ಹೋಗಲು ಮೂರು ಗೇರು. ಅವುಗಳ ಪಕ್ಕದಲ್ಲಿ ಮುಂಗಾಲಿಗಳನ್ನು ಜೋಡಿಸಲು ಒಂದು ಸಣ್ಣ ಹಿಡಿ, ಏರಿನಲ್ಲಿ ನಿಧಾನವಾಗಿ ಎಳೆಯಲು ಇನ್ನೊಂದು. ಪೆಟ್ರೋಲ್ ಟ್ಯಾಂಕು ಚಾಲಕನ ಆಸನದ ಕೆಳಗೇ ಇರುವುದರಿಂದ ಎಣ್ಣೆ ತುಂಬಿಸಲು ಅವನು ಎದ್ದು ನಿಲ್ಲಲೇಬೇಕು. ಮುಂದೀಪಗಳನ್ನು ಕೀಲಿನ ಮೇಲೆ ಕೂರಿಸಿರುವುದರಿಂದ ರಾತ್ರಿ ರಿಪೇರಿಯ ಹೊತ್ತಿನಲ್ಲಿ ಅವುಗಳನ್ನು ಹಿಂದಕ್ಕೆ ಮಗುಚಿದರೆ ಬೆಳಕು ಎಂಜಿನಿನ ಮೇಲೆಯೇ ಬೀಳುತ್ತದೆ. ಮುಂಗಾಜು ಬಾನೆಟ್ಟಿನ ಮೇಲೆ ಮಲಗುತ್ತದೆ. ಇದರಲ್ಲಿ ಅಲಂಕಾರಕ್ಕಾಗಿ ಇಟ್ಟದ್ದು ಒಂದೂ ಇಲ್ಲ.

ನಮ್ಮ ದೇಶಕ್ಕೆ ಇದು ಎರಡು ದಾರಿಗಳಿಂದ ಬಂದಿತು. ಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ ಗಾಡಿಗಳು ಒಂದು ದಾರಿ. ಎರಡನೆಯದು ಮುಂಬಯಿಯದು. 1945ರಲ್ಲಿ ಮಹೀಂದ್ರ ಸಹೋದರರಿಬ್ಬರು ಮಲಿಕ್ ಗುಲಾಮ್ ಮಹಮ್ಮದ್ ಅವರೊಡನೆ ಕೂಡಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಸಂಸ್ಥೆ ಕಟ್ಟಿದರು. ದೇಶವಿಭಜನೆಯಾದಾಗ ಗುಲಾಮ್ ಮಹಮ್ಮದರು ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಗಳಾಗಿ ಹೋದರು, ಮುಂದೆ ಅಲ್ಲಿಯ ಗವರ್ನರ್ ಜನರಲ್ಲರೂ ಆದರು. ಇತ್ತ 1948ರಲ್ಲಿ ಸಂಸ್ಥೆಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಆ ದಶಕದ ಕೊನೆಯ ಹೊತ್ತಿಗೆ ಮಜಗಾಂವ್‌ನಲ್ಲಿ, ಹಡಗಿನಿಂದಿಳಿದ ಬಿಡಿಭಾಗಗಳನ್ನು ಕೂಡಿಸಿ ಜೀಪು ಕಟ್ಟುವ ಕೆಲಸ ಆರಂಭವಾಯಿತು. ನಮ್ಮ ಕಡೆ ಹೆಚ್ಚಾಗಿ ಕಾಣುವ ಎತ್ತರ ಬಾನೆಟ್ಟಿನ ಜೀಪು ಇದೇ ವಂಶದ್ದು. ವಿಲ್ಲೀಸ್ ಸಂಸ್ಥೆ 1953ರಲ್ಲಿ ತಂದ ಆ ಮಾದರಿಯ ಎಂಜಿನಿನಲ್ಲಿ ಒಳಸೇರಿಕೆಯ ಕವಾಟಗಳು ತಲೆಯ ಮೇಲಕ್ಕೆ ಬಂದು ಎಂಜಿನ್ ಎತ್ತರವಾಯಿತು. ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. ಮೂಗಿನಲ್ಲಿ ಒಂಬತ್ತು ಸೀಳುಗಳಿದ್ದರೆ ಯುದ್ಧಕಾಲದ್ದು, ಏಳಿದ್ದರೆ ಆಮೇಲಿನದು ಎಂದು ಸ್ಥೂಲವಾಗಿ ಗುರುತಿಸುವ ವಾಡಿಕೆಯಿದೆ. ನಮ್ಮಲ್ಲಿ ಎರಡನ್ನೂ ವಿಲ್ಲೀಸ್ ಎಂದೇ ಕರೆಯುವವರು ಉಂಟು. ಮೊದಲನೆಯದು ಈಗ ದುರ್ಲಭ.

ನಾವು ವಿದ್ಯಾಭ್ಯಾಸ ಮಾಡಿದ ಮಠದಲ್ಲಿದ್ದದ್ದು ಆ ದುರ್ಲಭವಾದ ಒಂಬತ್ತು ಸೀಳಿನ ಜೀಪು. ಐವತ್ತರ ದಶಕದಲ್ಲಿ ಹರಾಜಿನಲ್ಲಿ ಕೊಂಡ ಸದ್ಭಕ್ತರೊಬ್ಬರು ಕೆಲವು ಕಾಲ ಬಳಸಿ, ಅನಂತರ ಮಠಕ್ಕೆ ಒಪ್ಪಿಸಿದರೆಂದು ಹಿರಿಯರು ಹೇಳುತ್ತಿದ್ದರು. ನಾವು 1971ರಲ್ಲಿ ಹತ್ತು ವರ್ಷದ ಬಾಲಕರಾಗಿ ಪಾಠಶಾಲೆ ಸೇರಿದಾಗ ಅದು ಸೇನೆಯ ಹಸಿರು ಬಣ್ಣವನ್ನು ಎಂದೋ ಕಳೆದುಕೊಂಡು, ಮಠದ ಬಾಗಿಲಿಗೆ ಬಳಿದು ಉಳಿದ ಕಾವಿಗೆಂಪು ಬಣ್ಣವನ್ನು ಹೊತ್ತಿತ್ತು. ಹಿಂಭಾಗವನ್ನು ಒಂದೂವರೆ ಅಡಿಯಷ್ಟು ಉದ್ದ ಮಾಡಿಸಿ, ಎದುರುಬದುರಾಗಿ ಎರಡು ತೇಗದ ಹಲಗೆ ಕೂರಿಸಿ, ಮೇಲೆ ಕಬ್ಬಿಣದ ಕಮಾನಿಗೆ ದಪ್ಪ ತಾಡಪತ್ರಿ ಬಿಗಿಯಲಾಗಿತ್ತು. ಸುಗ್ಗಿಯ ಕಾಲಕ್ಕೆ ಊರೂರು ತಿರುಗಿ ಪ್ರಸಾದ ನಿಲಯಕ್ಕೆ ಜೋಳ ಕೂಡಿಸಿಕೊಂಡು ಬರುತ್ತಿದ್ದದ್ದು ಅದೇ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ಎತ್ತಿನ ಬಂಡಿಯೂ ಹೆದರುತ್ತಿದ್ದಾಗ ಆ ಜೀಪು ಮುಂಗಾಲಿಗಳನ್ನೂ ಜೋಡಿಸಿಕೊಂಡು ಮುಲುಗುತ್ತ ಸಾಗುತ್ತಿತ್ತು. ಅದಕ್ಕೆ ಹ್ಯಾಂಡಲ್ ಹೊಡೆಯುವುದು ದೊಡ್ಡ ವಿದ್ಯಾರ್ಥಿಗಳ ಹಕ್ಕಾಗಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯಬೇಕೆಂದು, ಇಲ್ಲವಾದರೆ ಎಂಜಿನ್ ಹಿಂದಕ್ಕೆ ಒದೆದಾಗ ಬೆರಳು ಮುರಿಯುವುದೆಂದು ನಮಗೆ ಕಲಿಸಿದ್ದರು. ಎಂಬತ್ತರ ದಶಕದಲ್ಲಿ ಪೆಟ್ರೋಲ್ ಖರ್ಚು ತಾಳದೆ ಡೀಸೆಲ್ ಎಂಜಿನ್ ಕೂರಿಸಿದರು. ಹಳೆಯ ಎಂಜಿನನ್ನು ಗೋಣಿತಟ್ಟಿನಲ್ಲಿ ಸುತ್ತಿ ಉಗ್ರಾಣದ ಮೂಲೆಯಲ್ಲಿಟ್ಟರು. ಮಠಕ್ಕೆ ಹೊಸ ವಾಹನ ಬಂದ ಮೇಲೆ ಜೀಪು ಬಣವೆಯ ಪಕ್ಕದ ಚಪ್ಪರ ಸೇರಿ, ಇಪ್ಪತ್ತು ವರ್ಷಗಳ ಕಾಲ ಕೋಳಿಗಳಿಗೆ ಮನೆಯಾಯಿತು.

2022ರಲ್ಲಿ ಅದನ್ನು ಮತ್ತೆ ಎಬ್ಬಿಸುವ ಮಾತು ಹುಟ್ಟಿತು. ಮಠದ ಶಿಷ್ಯ ಮನೆತನದ ತರುಣ ಎಂಜಿನಿಯರೊಬ್ಬನು ತನ್ನ ದುಡಿಮೆಯ ಹಣದಲ್ಲಿ ಈ ಸೇವೆ ಮಾಡಲು ಮುಂದೆ ಬಂದನು. ಅವನು ಶ್ರದ್ಧಾವಂತ, ಓದಿದವನು. ಯುದ್ಧಕಾಲದ ಕೈಪಿಡಿಗಳನ್ನೆಲ್ಲ ಅಭ್ಯಾಸ ಮಾಡಿದ್ದನು. ಅವನ ಅಭಿಪ್ರಾಯದಲ್ಲಿ ಜೀಪು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಆಗಬೇಕು. ಉದ್ದ ಮಾಡಿದ ಹಿಂಭಾಗವನ್ನು ಕತ್ತರಿಸಬೇಕು, ಹಲಗೆ ತೆಗೆಯಬೇಕು, ಸೇನೆಯ ಹಸಿರು ಬಣ್ಣ ಬರಬೇಕು, ವಿದ್ಯುತ್ ವ್ಯವಸ್ಥೆ ಕೂಡ ಹಿಂದಿನ 6 ವೋಲ್ಟಿನದೇ ಆಗಬೇಕು. ಫಿಲಿಪ್ಪೀನ್ಸ್ ದೇಶದಲ್ಲಿ ಹಳೆಯ ಅಳತೆಗೆ ಸರಿಯಾಗಿ ಹೊಸ ತಗಡಿನ ಇಡೀ ಮೈಯನ್ನೇ ಮಾಡಿ ಮಾರುತ್ತಾರೆ, ಅದನ್ನೇ ತರಿಸಿಬಿಡೋಣ ಎಂದನು. ಇನ್ನೊಂದು ಗುಂಪಿನ ಯುವಕರ ಬಯಕೆ ಬೇರೆ. ಹರಿಯಾಣದ ಮಂಡಿ ಡಬ್ವಾಲಿ ಎಂಬ ಊರಿನಲ್ಲಿ ಹಳೆಯ ಜೀಪುಗಳನ್ನು ಬಿಚ್ಚಿ, ಬೇಕಾದ ಎಂಜಿನ್ ಕೂಡಿಸಿ, ಅಗಲ ಟಯರು, ಹೊಳೆಯುವ ದೀಪಗಳ ಸಾಲು ಹಾಕಿಕೊಡುವ ಗ್ಯಾರೇಜುಗಳು ಬಹಳ ಪ್ರಸಿದ್ಧ. ನಮ್ಮದನ್ನೂ ಹಾಗೆ ಮಾಡಿಸಿದರೆ ಜಾತ್ರೆಯ ಮೆರವಣಿಗೆಯಲ್ಲಿ ನೋಡುವಂತಿರುತ್ತದೆ ಎಂಬುದು ಅವರ ಮಾತು. ಪರಮಪೂಜ್ಯರು ಎರಡೂ ಕಡೆಯವರನ್ನು ಆಲಿಸಿ, ಹಳೆಯದನ್ನು ತಿದ್ದುವುದು ಶಾಸ್ತ್ರಿಗಳ ಕಸುಬು, ಅವರನ್ನೇ ಕೇಳಿರಿ ಎಂದು ನಮ್ಮ ಕಡೆ ಬೆರಳು ಮಾಡಿದರು. ಹೀಗೆ ನಾವು ಈ ಕೆಲಸದಲ್ಲಿ ಸಿಕ್ಕಿಕೊಂಡೆವು.

ಗಾಡಿಯನ್ನು ಪರೀಕ್ಷಿಸಲು ಹುಬ್ಬಳ್ಳಿಯಿಂದ ಎಪ್ಪತ್ತು ದಾಟಿದ ಒಬ್ಬ ಮಿಸ್ತ್ರಿಯನ್ನು ಕರೆಸಲಾಯಿತು. ಮುಸಲ್ಮಾನ ಬಂಧು, ಜೀಪಿನ ಮೈಮೇಲೆ ಕೈಯಾಡಿಸಿಯೇ ಅದರ ಕಾಲವನ್ನು ಹೇಳಬಲ್ಲವರು. ನಾಲ್ಕು ದಿನ ಅವರು ತುಕ್ಕನ್ನು ಕೆರೆಯುತ್ತ, ಸೀಮೆಎಣ್ಣೆಯಲ್ಲಿ ಬೋಲ್ಟುಗಳನ್ನು ತೊಳೆಯುತ್ತ ಕುಳಿತಿದ್ದರು. ನಾವು ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು ನೋಡಿದೆವು. ಫೋರ್ಡ್ ಸಂಸ್ಥೆಯವರು ತಮ್ಮ ಪಾಲಿನ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೆ ಸಹ, ಎಫ್ ಎಂಬ ಅಕ್ಷರವನ್ನು ಒತ್ತುತ್ತಿದ್ದರಂತೆ. ನಮ್ಮ ಜೀಪಿನಲ್ಲಿ ಆ ಅಕ್ಷರ ಕೆಲವೆಡೆ ಇತ್ತು, ಕೆಲವೆಡೆ ಇರಲಿಲ್ಲ. ಚಾಸಿಯ ಮುಂದಿನ ಅಡ್ಡತೊಲೆ ವಿಲ್ಲೀಸ್ ಗಾಡಿಗಳಲ್ಲಿ ಕೊಳವೆಯಂತೆ ದುಂಡಗಿರುತ್ತದೆ, ಫೋರ್ಡಿನದು ಬೋರಲು ಹಾಕಿದ ದೋಣಿಯಂತೆ. ನಮ್ಮದು ದೋಣಿ. ಆದರೆ ಉಗ್ರಾಣದಿಂದ ತಂದ ಹಳೆಯ ಎಂಜಿನಿನ ಮೇಲೆ ಕೊರೆದಿದ್ದ ಅಕ್ಷರಗಳು ವಿಲ್ಲೀಸಿನವು. ಮಿಸ್ತ್ರಿ ನಕ್ಕು, "ಶಾಸ್ತ್ರಿಗಳ, ಇದರ ಬೆನ್ನು ಒಂದು ಕಂಪನೀದು, ಹೊಟ್ಟಿ ಇನ್ನೊಂದು ಕಂಪನೀದು. ಇದರಾಗ ಖರೇದು ಯಾವ್ದಂತ ನೀವ ಹೇಳ್ರಿ" ಎಂದರು.

ನಮಗೆ ಈ ಮಾತು ಬಹಳ ಹಿಡಿಸಿತು. ಇಬ್ಬರ ಗಾಡಿಗಳ ಭಾಗಗಳು ಒಂದಕ್ಕೊಂದು ಕೂಡಬೇಕೆಂಬುದೇ ಸೇನೆಯ ಉದ್ದೇಶವಾಗಿತ್ತು. ಒಂದು ಗಾಡಿ ಕೆಟ್ಟರೆ ಇನ್ನೊಂದರಿಂದ ಕಿತ್ತು ಹಾಕಿ ಓಡಿಸುತ್ತಿದ್ದರು. ಹೀಗಾಗಿ ಇಂದು ಉಳಿದಿರುವ ಯುದ್ಧಕಾಲದ ಜೀಪುಗಳಲ್ಲಿ ಬಹಳಷ್ಟು ಮಿಶ್ರಪಾಠಗಳು. ನಮ್ಮ ತರುಣನು ಬಯಸಿದ ಶುದ್ಧ ಮೂಲಪ್ರತಿ ಈ ಗಾಡಿಯ ಮಟ್ಟಿಗೆ ಬಹುಶಃ ಯುದ್ಧಕಾಲದಲ್ಲಿಯೇ ಇಲ್ಲವಾಗಿತ್ತು. ಹೊಸ ತಗಡಿನ ಇಡೀ ಮೈಯನ್ನು ತರಿಸಿ ಹಳೆಯ ಚಾಸಿಗೆ ಕೂರಿಸಿದರೆ ನೋಡಲು ಚೆಲುವಾಗುತ್ತಿತ್ತು, ಸಂಶಯವಿಲ್ಲ. ಆದರೆ ಅದು ಲುಪ್ತವಾದ ಕಾವ್ಯವನ್ನು ಸಂಪಾದಕನೇ ಹೊಸದಾಗಿ ಬರೆದು, ಹಳೆಯ ಕವಿಯ ಅಂಕಿತ ಹಾಕಿದಂತೆ. ಇಂಥ ಕೆಲಸವನ್ನು ಪುಸ್ತಕಗಳಲ್ಲಿ ಕಂಡಾಗ ನಾವು ಸುಮ್ಮನಿದ್ದವರಲ್ಲ.

ಇನ್ನು ರೋಗದ ವಿಚಾರ. ಯುದ್ಧಕಾಲದ ಜೀಪಿನ ನೆಲದ ತಗಡಿನ ಕೆಳಗೆ, ಮಡಿಚಿದ ತಗಡಿನ ಪಟ್ಟಿಗಳೊಳಗೆ ಗಟ್ಟಿತನಕ್ಕಾಗಿ ಮರದ ತುಂಡುಗಳನ್ನು ತುರುಕಿರುತ್ತಾರೆ. ಆ ಮರ ಮಳೆಯ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಸುತ್ತಣ ಕಬ್ಬಿಣ ಒಳಗಿನಿಂದಲೇ ಕೊಳೆಯುತ್ತ ಬರುತ್ತದೆ. ಮೇಲೆ ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ ಅಡಿಯಲ್ಲಿ ಪುಡಿ. ನಮ್ಮದರಲ್ಲಿಯೂ ಬೆರಳಿಟ್ಟರೆ ಉದುರುತ್ತಿತ್ತು. ಎಂದೋ ಯಾರೋ ಡಾಂಬರು ಬಳಿದು ಮುಚ್ಚಿದ್ದರು. ಅದಕ್ಕಿಂತ ಗಾಬರಿ ಹುಟ್ಟಿಸಿದ್ದು ಚಾಸಿಯಲ್ಲಿದ್ದ ಎರಡು ಬಿರುಕುಗಳು. ಡೀಸೆಲ್ ಎಂಜಿನಿನ ಭಾರಕ್ಕೂ ನಡುಕಕ್ಕೂ ಆ ಹಗುರ ಚಾಸಿ ತಾಳಲಾರದೆ, ಎಂಜಿನನ್ನು ಕೂರಿಸಿದ ಜಾಗದಲ್ಲಿಯೇ ಸೀಳಿತ್ತು.

ಇಲ್ಲಿ ಕಾನೂನಿನ ಮಾತನ್ನು ಹೇಳದಿದ್ದರೆ ವಾಚಕರಿಗೆ ಅನ್ಯಾಯ ಮಾಡಿದಂತಾದೀತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಒಡೆಯನು ತನ್ನ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಡಬ್ವಾಲಿಯ ಮಾದರಿಯ ಅಲಂಕಾರ ಮಾಡಿಸಿ ರಸ್ತೆಗಿಳಿಸುವವರು ದಂಡಕ್ಕೆ ಸಿದ್ಧರಾಗಿರಬೇಕು. ಇನ್ನೊಂದು ಕಡೆ, 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ವರ್ಗ ಮಾಡಿದೆ. ಅಂಥವಕ್ಕೆ ರಾಜ್ಯದ ಅಕ್ಷರಗಳ ಮುಂದೆ ವಿಎ ಎಂಬ ಗುರುತಿನ ಸಂಖ್ಯಾಫಲಕ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಪ್ರದರ್ಶನ, ರ್‍ಯಾಲಿ, ರಿಪೇರಿ ಮುಂತಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಅವುಗಳನ್ನು ಬಳಸುವಂತಿಲ್ಲ. ಆದರೆ ಒಂದು ಕಟ್ಟಳೆಯಿದೆ: ಚಾಸಿ, ಮೈ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಗಾಡಿ ಮೂಲರೂಪದಲ್ಲಿಯೇ ಇರಬೇಕು. ನಮ್ಮ ತರುಣನ ವಾದಕ್ಕೆ ಬಲ ಬಂದದ್ದು ಇಲ್ಲಿಯೇ. ಹಿಂಭಾಗ ಕತ್ತರಿಸಿದರೆ ವಿಎ ಫಲಕಕ್ಕೆ ಅರ್ಜಿ ಹಾಕಬಹುದು, ಬೆಂಗಳೂರು ಮೈಸೂರುಗಳ ಪ್ರದರ್ಶನಗಳಿಗೆ ಮಠದ ಜೀಪು ಹೋಗಬಹುದು. ಕತ್ತರಿಸದಿದ್ದರೆ ಅದು ಮಠದ ಆವರಣ ದಾಟುವಂತಿಲ್ಲ. "ಗುರುಗಳೇ, ಓಡದ ಗಾಡಿ ಸತ್ತ ಹಾಗೆ ಅಲ್ಲವೇ?" ಎಂದು ಅವನು ನಮ್ಮನ್ನೇ ಕೇಳಿದನು. ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ನಾವು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆವು.

ಅಮಾವಾಸ್ಯೆಯ ದಿನ ಭಕ್ತರು ಕೂಡಿದಾಗ ಪೂಜ್ಯರ ಸಮ್ಮುಖದಲ್ಲಿ ವಿಚಾರ ಪ್ರಸ್ತಾಪವಾಯಿತು. ನಾವು ಮಾತಾಡುವುದಕ್ಕೆ ಮುಂಚೆ, ದಾಸೋಹದ ಅಡುಗೆಮನೆಯಲ್ಲಿ ಬಹುಕಾಲದಿಂದ ಸೇವೆ ಮಾಡುತ್ತಿರುವ ತಾಯಿಯೊಬ್ಬರು ಎದ್ದು ನಿಂತರು. ಅವರು ಹೀಗೆ ಸಭೆಯಲ್ಲಿ ಮಾತಾಡಿದ್ದನ್ನು ನಾವು ಕಂಡಿರಲಿಲ್ಲ. "ಈ ಹಲಗಿ ಮ್ಯಾಲ ನನ್ನ ಹಿರೇಮಗ ಹುಟ್ಯಾನ್ರೀ ಅಜ್ಜಾರ. ಹಳ್ಳ ತುಂಬಿತ್ತು, ಧಾರವಾಡ ಮುಟ್ಟಲಿಲ್ಲ. ಇದನ್ನ ತಗದು ಎಲ್ಲಿಡ್ತೀರಿ?" ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಕುಳಿತರು. ಆ ಮಗ ಈಗ ಐವತ್ತರ ಹತ್ತಿರದವನು. ಸಭೆಯ ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದನು.

ಅನಂತರ ನಾವು ನಿವೇದಿಸಿದ್ದು ಇಷ್ಟು. ಗ್ರಂಥಕ್ಕೆ ಸೇರಿದ್ದೆಲ್ಲವೂ ಪ್ರಕ್ಷಿಪ್ತವಲ್ಲ. ತಿಳಿಯದೆ ಕೈತಪ್ಪಿ ಬರೆದದ್ದು ಬೇರೆ, ಒಂದು ಊರಿನವರು ತಮ್ಮ ಬಳಕೆಗಾಗಿ ಬೆಳೆಸಿಕೊಂಡ ಪಾಠ ಬೇರೆ. ಎರಡನೆಯದಕ್ಕೆ ಅದರದೇ ಆದ ಚರಿತ್ರೆಯಿರುತ್ತದೆ. ಅದನ್ನು ಅಳಿಸುವ ಅಧಿಕಾರ ಸಂಪಾದಕನಿಗಿಲ್ಲ. ಉದ್ದನೆಯ ಹಿಂಭಾಗವೂ ತೇಗದ ಹಲಗೆಗಳೂ ಈ ಜಾತಿಯವು. ಲೋಕದಲ್ಲಿ ಸೇನೆಯ ಹಸಿರು ಜೀಪುಗಳು ಇನ್ನೂ ಸಾವಿರಾರಿವೆ, ಈ ಹಲಗೆಗಳಿರುವುದು ಒಂದೇ. ಡಾಂಬರು, ಬಿರುಕು ಮುಚ್ಚಲು ಮೆತ್ತಿದ ಲಪ್ಪ, ಇವು ರೋಗವನ್ನು ಅಡಗಿಸಿದ ಕೆಲಸಗಳಾದ್ದರಿಂದ ಕಿತ್ತುಹಾಕಬೇಕು. ಡೀಸೆಲ್ ಎಂಜಿನ್ ಕೂಡ ಬಳಕೆಯಿಂದಲೇ ಬಂದದ್ದು, ಅದಕ್ಕೂ ಚರಿತ್ರೆಯಿದೆ. ಆದರೆ ಅದು ಬೆನ್ನೆಲುಬನ್ನೇ ಮುರಿಯುತ್ತಿರುವುದರಿಂದ ಅದನ್ನಿಳಿಸಿ ಹಳೆಯ ಪೆಟ್ರೋಲ್ ಎಂಜಿನನ್ನು ಕೂರಿಸುವುದು ಲೇಸು. ಹೊಸದಾಗಿ ಹಾಕುವ ಪ್ರತಿಯೊಂದು ತಗಡಿನ ಮೇಲೂ, ಕಣ್ಣಿಗೆ ಬೀಳದ ಬದಿಯಲ್ಲಿ, ಇಸವಿಯನ್ನು ಒತ್ತಬೇಕು. ಮುಂದೆ ನೋಡುವವರು ಮೋಸಹೋಗಬಾರದು. ಪೂಜ್ಯರು ಹಾಗೆಯೇ ಆಗಲೆಂದು ಅಪ್ಪಣೆ ಕೊಡಿಸಿದರು. ತರುಣನ ಮುಖ ಬಾಡಿತು. ಅವನು ಬೇಕಾದರೆ ಅಲ್ಲಿಗೇ ಕೈಬಿಡಬಹುದಾಗಿತ್ತು. ಬಿಡಲಿಲ್ಲ.

ಕೆಲಸ ಒಂದು ವರ್ಷಕ್ಕೂ ಮೀರಿ ಹಿಡಿಯಿತು. ಮಿಸ್ತ್ರಿ ಮೈಯನ್ನು ಚಾಸಿಯಿಂದ ಬೇರ್ಪಡಿಸಿ, ಬಿರುಕುಗಳ ತುದಿಯಲ್ಲಿ ಸಣ್ಣ ತೂತು ಕೊರೆದರು. ಹಾಗೆ ಮಾಡಿದರೆ ಬಿರುಕು ಮುಂದಕ್ಕೆ ಹರಿಯುವುದಿಲ್ಲವಂತೆ. ಆಮೇಲೆ ಬೆಸುಗೆ ಹಾಕಿ, ಒಳಬದಿಗೆ ಉಕ್ಕಿನ ಪಟ್ಟಿ ಕೂಡಿಸಿದರು. ನೆಲದ ಪಟ್ಟಿಗಳನ್ನು ಹೊಸದಾಗಿ ಮಡಿಚಿ ಕೂರಿಸುವಾಗ ಒಳಗೆ ಮರ ಹಾಕಬೇಕೋ ಬೇಡವೋ ಎಂಬ ವಾಗ್ವಾದ ಎರಡು ದಿನ ನಡೆಯಿತು. ತರುಣನು ಮೂಲದಲ್ಲಿದ್ದದ್ದು ಇರಲೇಬೇಕೆಂದನು, ಮಿಸ್ತ್ರಿ ಮತ್ತೆ ಕೊಳೆಯುತ್ತದೆಂದರು. ಕಡೆಗೆ ಎಣ್ಣೆಯಲ್ಲಿ ನೆನೆಸಿದ ತೇಗ ಹಾಕಿ, ನೀರಿಳಿಯಲು ಕೆಳಗೆ ತೂತು ಬಿಟ್ಟರು. ಗೇರು ಪೆಟ್ಟಿಗೆಯ ಸವೆದ ಹಲ್ಲುಗಳಿಗೆ ಗುಜರಿಯಲ್ಲಿ ಹುಡುಕಾಡಿದೆವು. ಮಹೀಂದ್ರದ ಹಳೆಯ ಜೀಪುಗಳ ಭಾಗಗಳಲ್ಲಿ ಹಲವು ಯುದ್ಧಕಾಲದ ಗಾಡಿಗೂ ಕೂಡುವುದು ನಮ್ಮ ದೇಶದವರ ಭಾಗ್ಯ. ಮೂವತ್ತಕ್ಕೂ ಹೆಚ್ಚು ವರ್ಷ ಗೋಣಿಯಲ್ಲಿ ಮಲಗಿದ್ದ ಎಂಜಿನಿನ ಪಿಸ್ಟನ್‌ಗಳು ಅಂಟಿಕೊಂಡಿದ್ದವು. ಒಳಗೆ ಎಣ್ಣೆ ಬಿಟ್ಟು ಹದಿನೈದು ದಿನ ಕಾದು, ದಿನಕ್ಕೊಂದು ಸಲ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಡಿಸಿದ ಮಿಸ್ತ್ರಿಯವರ ತಾಳ್ಮೆಯನ್ನು ನಮ್ಮ ಶಿಷ್ಯರಲ್ಲಿ ಯಾರಾದರೂ ಓಲೆಗರಿಗೆ ತೋರಿದ್ದರೆ ನಾವು ಧನ್ಯರಾಗುತ್ತಿದ್ದೆವು. ಬಣ್ಣದ ವಿಚಾರಕ್ಕೆ ಹೆಚ್ಚು ಚರ್ಚೆಯಾಗಲಿಲ್ಲ. ಕೆರೆಯುತ್ತ ಹೋದಾಗ ಕಾವಿಗೆಂಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಹಸಿರು ಕಂಡವು. ಹೊರಗೆಲ್ಲ ಕಾವಿಗೆಂಪೇ ಬಳಿದು, ಬಾನೆಟ್ಟಿನ ಒಳಮೈಯಲ್ಲಿ ಅಂಗೈಯಷ್ಟು ಜಾಗದಲ್ಲಿ ಮೂರೂ ಬಣ್ಣಗಳು ಕಾಣುವಂತೆ ಹಾಗೆಯೇ ಬಿಡಿಸಿದೆವು. ತರುಣನು ಕೇಳಿಕೊಂಡದ್ದು ಇದೊಂದನ್ನೇ.

ಈಗ ಜೀಪು ಮಠದ ಹೊರಾಂಗಣದಲ್ಲಿ ತಗಡಿನ ಮಾಡಿನ ಕೆಳಗಿದೆ. ವಿಎ ಫಲಕ ಬರಲಿಲ್ಲ, ಬರುವಂತೆಯೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಹ್ಯಾಂಡಲ್ ಹೊಡೆದು ಚಾಲೂ ಮಾಡಿ, ಪ್ರಸಾದ ನಿಲಯದ ಮಕ್ಕಳನ್ನು ಹಲಗೆಗಳ ಮೇಲೆ ಕೂರಿಸಿ, ಗೋಶಾಲೆಯವರೆಗೆ ಹೋಗಿ ಬರುತ್ತಾರೆ. ಎಲ್ಲವೂ ಮಠದ ಹೊಲದೊಳಗಿನ ದಾರಿ. ತರುಣನು ರಜೆಯಲ್ಲಿ ಬಂದಾಗ ತಾನೇ ನಡೆಸುತ್ತಾನೆ. ಅದನ್ನು ರಸ್ತೆಗಿಳಿಸುವ ದಾರಿ ಏನಾದರೂ ಉಂಟೋ ಎಂದು ಅವನು ಇನ್ನೂ ನಿಯಮಗಳ ಪುಸ್ತಕ ತಿರುವುತ್ತಿದ್ದಾನೆ, ನಾವೂ ಬೇಡವೆನ್ನುವುದಿಲ್ಲ. ಮಿಸ್ತ್ರಿಯವರಿಗೆ ಕಣ್ಣು ಮಂದವಾಗಿದೆ. ಕಳೆದ ಸಲ ಬಂದಾಗ ಕಾರ್ಬ್ಯುರೇಟರನ್ನು ಬಿಚ್ಚಿ ಕೂಡಿಸುವುದನ್ನು ಮಠದ ಇಬ್ಬರು ಹುಡುಗರಿಗೆ ಹೇಳಿಕೊಟ್ಟರು. ಅವರಲ್ಲೊಬ್ಬನು ಅದನ್ನು ಎರಡು ಸಲ ಬಿಚ್ಚಿ, ಎರಡನೆಯ ಸಲ ಒಂದು ತಿರುಪು ಉಳಿಸಿಕೊಂಡು, ಅದು ಎಲ್ಲಿಯದೆಂದು ಸಂಜೆಯವರೆಗೂ ಹುಡುಕುತ್ತಿದ್ದನು.